ಸಂತೆಯ ಶೇಂಗಾ ರಾಶಿ ಮತ್ತು ಆಹಾರ ಸುರಕ್ಷತೆಯ ಕಾನೂನು



ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಶೇಂಗಾದ ನಂಟಿಲ್ಲದ ಮನೆ ಸಿಗುವುದು ಕಷ್ಟ. ಕೆಲವರ ಮನೆಯಲ್ಲಿ ಬೆಳೆಯುತ್ತಾರೆ, ಕೆಲವರ ಮನೆಯಲ್ಲಿ ಮಂಡಿ ವ್ಯಾಪಾರ, ಇನ್ನು ಕೆಲವರ ಮನೆಯವರು ಸಂತೆಯಲ್ಲಿ ಹುರಿದ ಕಾಯಿ, ಚಿಕ್ಕಿ, ಚಟ್ನಿಪುಡಿ ಮಾರುತ್ತಾರೆ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆ ನಗರ’, ‘ಎರಡನೇ ಮುಂಬೈ’ ಎಂಬ ಹೆಸರುಗಳೇ ಬಂದಿದ್ದವು. ಆದ್ದರಿಂದ ಆಹಾರ ಸುರಕ್ಷತೆಯ ಪಾಠಕ್ಕೆ ನಾವು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಸಂತೆಯ ಒಂದು ಶೇಂಗಾ ರಾಶಿ ಸಾಕು.

ಈ ಲೇಖನದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ನೋಡೋಣ. ಸಂತೆಯಲ್ಲಿ ಆಹಾರ ಮಾರುವವರಿಗೆ ಯಾವ ಕಾನೂನು ಅನ್ವಯಿಸುತ್ತದೆ? ಆ ಕಾನೂನು ಯಾರಿಗೆ ಅನ್ವಯಿಸುವುದಿಲ್ಲ? ಅನ್ವಯಿಸದ ಕಡೆ ನಮ್ಮ ಆರೋಗ್ಯ ಕಾಯುವವರು ಯಾರು? ಜೀವಶಾಸ್ತ್ರ, ವಾಣಿಜ್ಯ ಮತ್ತು ಅರ್ಥಶಾಸ್ತ್ರ ಓದುವ ಮೂವರಿಗೂ ಇದರಲ್ಲಿ ಕೆಲಸವಿದೆ.

1. ಕಾನೂನಿನ ಹಿನ್ನೆಲೆ

ಸ್ವತಂತ್ರ ಭಾರತದಲ್ಲಿ ಮೊದಲು ಬಂದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಹೆಸರೇ ಹೇಳುವಂತೆ ಅದರ ಗಮನ ಕಲಬೆರಕೆಯ ಮೇಲಿತ್ತು. ಹಾಲಿಗೆ ನೀರು ಬೆರೆಸಿದರೇ, ಬೇಳೆಗೆ ಬಣ್ಣ ಹಾಕಿದರೇ ಎಂದು ನೋಡುವುದು, ಸಿಕ್ಕರೆ ಶಿಕ್ಷಿಸುವುದು. ಆದರೆ ಯಾರೂ ಏನನ್ನೂ ಬೆರೆಸದೆಯೂ ಆಹಾರ ವಿಷವಾಗಬಹುದು. ನೆನೆದ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಕೊಳಕು ಕೈ ತಾಗಿದ ತಿಂಡಿಯಲ್ಲಿ ರೋಗಾಣು ಬೆಳೆಯುತ್ತದೆ. ಇದನ್ನೆಲ್ಲ ಒಳಗೊಂಡು ಬಂದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಇದರ ನಿಯಮಾವಳಿಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಹಳೆಯ ಕಾನೂನು ‘ಏನು ಬೆರೆಸಿದೆ?’ ಎಂದು ಕೇಳುತ್ತಿತ್ತು. ಹೊಸದು ‘ತಿಂದರೆ ಸುರಕ್ಷಿತವೇ?’ ಎಂದು ಕೇಳುತ್ತದೆ.

ದೇಶದ ಮಟ್ಟದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ನಿಯಮ ರೂಪಿಸುತ್ತದೆ. ಜಿಲ್ಲೆಯಲ್ಲಿ ಅಂಕಿತಾಧಿಕಾರಿ ಇರುತ್ತಾರೆ. ಅವರ ಕೆಳಗಿನ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿ, ಹೋಟೆಲು, ಸಂತೆಗಳಲ್ಲಿ ತಪಾಸಣೆ ಮಾಡಿ ಮಾದರಿ ತೆಗೆಯುತ್ತಾರೆ.

2. ರಾಶಿಯ ಹಿಂದೆ ಕೂತವರು ಯಾರು?

ಸಂತೆಯಲ್ಲಿ ಅಕ್ಕಪಕ್ಕ ಮೂರು ಜನ ಶೇಂಗಾ ಮಾರುತ್ತಿದ್ದಾರೆ ಎಂದುಕೊಳ್ಳಿ. ನೋಡುವವರಿಗೆ ಮೂವರೂ ಒಂದೇ. ಕಾನೂನಿಗೆ ಮೂವರೂ ಬೇರೆ ಬೇರೆ.

ಮೊದಲನೆಯವರು ತಾವೇ ಬೆಳೆದ ಕಾಯಿಯನ್ನು ಬೆಳೆದ ಹಾಗೆಯೇ ತಂದು ಮಾರುವ ರೈತರು. 2006ರ ಕಾಯ್ದೆಯ 18ನೇ ಕಲಂನ 3ನೇ ಉಪಕಲಂ ಹೇಳುವಂತೆ ಈ ಕಾಯ್ದೆ ರೈತರಿಗೆ, ಮೀನುಗಾರರಿಗೆ, ಬೇಸಾಯದ ಕೆಲಸಗಳಿಗೆ ಮತ್ತು ಹೊಲದ ಮಟ್ಟದಲ್ಲಿ ರೈತರು ಉತ್ಪಾದಿಸಿದ ಬೆಳೆಗೆ ಅನ್ವಯಿಸುವುದಿಲ್ಲ. ಹಸಿ ತರಕಾರಿ, ಹಣ್ಣು, ಕಾಳು, ಶೇಂಗಾ ಹೊತ್ತು ಬರುವ ರೈತರು ನೋಂದಣಿ ಮಾಡಿಸಬೇಕಾಗಿಲ್ಲ.

ಎರಡನೆಯವರು ರೈತರಿಂದ ಕೊಂಡು ತಂದು ಮಾರುವ ಚಿಲ್ಲರೆ ವ್ಯಾಪಾರಿ. ಕಾಯ್ದೆಯಲ್ಲಿ ‘ಪ್ರಾಥಮಿಕ ಆಹಾರ’ ಎಂಬ ಮಾತಿಗೆ ಒಂದು ಅರ್ಥ ಕೊಟ್ಟಿದ್ದಾರೆ: ಸಹಜ ರೂಪದಲ್ಲೇ ಇರುವ, ಆದರೆ ರೈತ ಅಥವಾ ಮೀನುಗಾರನಲ್ಲದ ಬೇರೊಬ್ಬರ ಕೈಯಲ್ಲಿರುವ ಬೆಳೆ. ಕಾಯಿ ಅದೇ, ಚೀಲ ಅದೇ. ರೈತರ ಕೈಯಿಂದ ವ್ಯಾಪಾರಿಯ ಕೈಗೆ ಬಂದ ಕ್ಷಣದಲ್ಲಿ ಅದು ಕಾನೂನಿನ ಲೆಕ್ಕದ ‘ಆಹಾರ’ವಾಗುತ್ತದೆ, ವ್ಯಾಪಾರಿ ‘ಆಹಾರ ಉದ್ದಿಮೆದಾರ’ರಾಗುತ್ತಾರೆ.

ಮೂರನೆಯವರು ಶೇಂಗಾ ಹುರಿದು, ಚಿಕ್ಕಿ ಮಾಡಿ ಅಥವಾ ಗಾಣದಲ್ಲಿ ಎಣ್ಣೆ ತೆಗೆದು ಮಾರುವವರು. ಇಲ್ಲಿ ಬೆಳೆಯ ರೂಪ ಬದಲಾಗಿದೆ. ಸ್ವಂತ ಹೊಲದ ಶೇಂಗಾದಿಂದ ಚಿಕ್ಕಿ ಮಾಡಿ ಮಾರುವ ರೈತ ಮಹಿಳೆ ಕೂಡ ಚಿಕ್ಕಿಯ ಮಟ್ಟಿಗೆ ಆಹಾರ ಉದ್ದಿಮೆದಾರರೇ.

ಎರಡನೆಯ ಮತ್ತು ಮೂರನೆಯವರಿಗೆ ನೋಂದಣಿ ಅಥವಾ ಪರವಾನಗಿ ಬೇಕು. ಸಣ್ಣವರನ್ನೂ ದೊಡ್ಡವರನ್ನೂ ಬೇರ್ಪಡಿಸಲು 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಗೆರೆ ಎಳೆಯಿತು. ಅದರೊಳಗಿನ ಸಣ್ಣ ವ್ಯಾಪಾರಿ, ತಳ್ಳುಗಾಡಿಯವರು, ಊರೂರು ತಿರುಗಿ ಮಾರುವವರು, ತಾತ್ಕಾಲಿಕ ಅಂಗಡಿ ಹಾಕುವವರು ನೋಂದಣಿ ಮಾಡಿಸಿದರೆ ಸಾಕು. ಆ ನಿಯಮಾವಳಿ ಇದಕ್ಕೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ನೋಂದಣಿಯಾದವರಿಗೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಮೊದಲ ಅಂಕಿ 2 ಇದ್ದರೆ ನೋಂದಣಿ, 1 ಇದ್ದರೆ ಪರವಾನಗಿ. ಮುಂದಿನ ಬಾರಿ ಚಿಕ್ಕಿ ಪೊಟ್ಟಣ ಕೊಂಡಾಗ ಈ ಅಂಕಿ ನೋಡಿ.

ಧಾರ್ಮಿಕ ಮತ್ತು ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ ಅದೇ ನಿಯಮಾವಳಿ ಸಣ್ಣ ಉದ್ದಿಮೆದಾರರ ಸಾಲಿಗೆ ಸೇರಿಸಿತು. ಜಾತ್ರೆಯ ದಾಸೋಹವಾಗಲಿ, ಉರುಸಿನ ಊಟವಾಗಲಿ, ಶುಚಿತ್ವದ ಜವಾಬ್ದಾರಿ ಒಂದೇ.

ಈಗ ಮೊದಲನೆಯವರ ಬಳಿಗೆ ಮರಳೋಣ. ರೈತರನ್ನು ಕಾನೂನಿನಿಂದ ಹೊರಗಿಟ್ಟದ್ದು ಸರಿಯಾಗಿಯೇ ಇದೆ. ಎರಡು ಎಕರೆ ಒಣಭೂಮಿಯವರ ಮೇಲೆ ನೋಂದಣಿ, ತಪಾಸಣೆ, ದಂಡದ ಹೊರೆ ಹೇರುವುದು ನ್ಯಾಯವಲ್ಲ. ಆದರೆ ಶೇಂಗಾದ ವಿಷಯದಲ್ಲಿ ಒಂದು ತೊಡಕಿದೆ. ಅದರ ಅತಿ ದೊಡ್ಡ ಅಪಾಯ ಶುರುವಾಗುವುದು ಹೊಲ ಮತ್ತು ಕಣದಲ್ಲಿ, ಅಂದರೆ ಕಾನೂನು ಕಾಲಿಡದ ಜಾಗದಲ್ಲಿ.

3. ಬೂಷ್ಟಿನ ವಿಷ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಶಿಲೀಂಧ್ರಗಳ ಪಾಠ ಓದುವಾಗ ಆಸ್ಪರ್ಜಿಲ್ಲಸ್ ಎಂಬ ಹೆಸರು ಬಂದಿರುತ್ತದೆ. ಅದರ ಒಂದು ಪ್ರಭೇದ ಆಸ್ಪರ್ಜಿಲ್ಲಸ್ ಫ್ಲೇವಸ್. ಮಣ್ಣಿನಲ್ಲಿ ವಾಸಿಸುವ ಈ ಹಳದಿ ಮಿಶ್ರಿತ ಹಸಿರು ಬೂಷ್ಟು ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿಗಳ ಮೇಲೆ ಬೆಳೆದಾಗ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ‘ಆ’ಸ್ಪರ್ಜಿಲ್ಲಸ್, ‘ಫ್ಲೇ’ವಸ್, ‘ಟಾಕ್ಸಿನ್’ ಸೇರಿ ಆದ ಹೆಸರದು.

ಇದು ಪತ್ತೆಯಾದದ್ದು ಶೇಂಗಾ ಹಿಂಡಿಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಬೂಷ್ಟು ಹಿಡಿದ ಶೇಂಗಾ ಹಿಂಡಿ ಮೂಲವೆಂದು ತಿಳಿಯಿತು.

ಭಾರತದಲ್ಲಿ ಈ ವಿಷ ಮನುಷ್ಯರನ್ನೇ ಕೊಂದಿದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ಮೆಕ್ಕೆಜೋಳ ನೆನೆಯಿತು. ಬೇರೆ ಆಹಾರವಿಲ್ಲದ ಬಡ ಬುಡಕಟ್ಟು ಜನ ಅದನ್ನೇ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಜೋಳ ತಿಂದ ನಾಯಿಗಳೂ ಸತ್ತವು.

ಒಂದೇ ಸಲಕ್ಕೆ ಹೆಚ್ಚು ಪ್ರಮಾಣ ಸೇರಿದರೆ ಹೀಗೆ ಯಕೃತ್ತು ಕೆಡುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಹುರಿದರೆ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹುರಿದಾಗ ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಪೂರ್ತಿ ಸಾಯುವುದಿಲ್ಲ. ಈ ವಿಷ ಪೂರ್ತಿ ಒಡೆಯಲು ಸುಮಾರು 260 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು. ನೀರಿನಲ್ಲಿ ಬೇಯಿಸುವಾಗ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹುರಿದರೆ ಒಂದಷ್ಟು ಕಡಿಮೆಯಾಗುತ್ತದೆ, ಅಷ್ಟೇ.

4. ನಮ್ಮ ಸೀಮೆಗೆ ಏಕೆ ಹೆಚ್ಚು ಎಚ್ಚರ ಬೇಕು?

ಬೂಷ್ಟು ಎಂದರೆ ತೇವ, ಮಳೆ ಹೆಚ್ಚಾದ ಕಡೆಯ ಸಮಸ್ಯೆ ಎಂದು ನಮಗೆ ಅನಿಸುತ್ತದೆ. ಶೇಂಗಾದಲ್ಲಿ ಹಾಗಲ್ಲ. ಕಾಯಿ ಬಲಿಯುವ ಕೊನೆಯ ನಾಲ್ಕರಿಂದ ಆರು ವಾರ ಮಳೆ ಕೈಕೊಟ್ಟು ಮಣ್ಣು ಕಾದರೆ ಅಪಾಯ ಹೆಚ್ಚುತ್ತದೆ. ಶೇಂಗಾ ಬೀಜಕ್ಕೆ ಶಿಲೀಂಧ್ರವನ್ನು ತಡೆಯುವ ತನ್ನದೇ ರಕ್ಷಣಾ ರಾಸಾಯನಿಕಗಳಿವೆ. ಬೀಜದಲ್ಲಿ ನೀರಿನಂಶ ಕುಸಿದಾಗ ಅವುಗಳ ಉತ್ಪತ್ತಿ ನಿಲ್ಲುತ್ತದೆ. ಬರಕ್ಕೆ ಜಗ್ಗದ ಆಸ್ಪರ್ಜಿಲ್ಲಸ್ ಆಗ ಮಣ್ಣಿನೊಳಗೇ ಕಾಯಿಗೆ ನುಗ್ಗುತ್ತದೆ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮವೂ ಸೇರಿವೆ. ಮುಂಗಾರಿನಲ್ಲಿ ಬಿತ್ತಿ, ಕಾಯಿ ಕಟ್ಟುವಾಗ ಮೋಡ ನೋಡುತ್ತಾ ಕೂರುವುದು ಪರಶುರಾಂಪುರ, ತಳಕು, ರಾಂಪುರ ಯಾವ ಕಡೆಯ ರೈತರಿಗೂ ಹೊಸದಲ್ಲ. ಕಾಯಿ ಕೀಳುವ ಹೊತ್ತಿಗೆ ಸರಿಯಾಗಿ ಸೈಕ್ಲೋನ್ ಮಳೆ ಹಿಡಿದರೆ ಕಣದಲ್ಲೇ ನೆನೆಯುತ್ತದೆ. ಮೊದಲು ಒಣಗಿ ಸೋಂಕು, ಆಮೇಲೆ ನೆನೆದು ಬೂಷ್ಟು. ಗಡಿಯಾಚೆಯ ಅನಂತಪುರ, ರಾಯದುರ್ಗದ ಕಡೆಯ ರೈತರ ಪಾಡೂ ಇದೇ.

5. ಒಂದು ಬೀಜದ ಲೆಕ್ಕ

ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ, ಮುಂದೆ ಸಂಸ್ಕರಿಸುವ ಶೇಂಗಾದಲ್ಲಿ ಒಂದು ಕೆಜಿಗೆ 15 ಮೈಕ್ರೋಗ್ರಾಂವರೆಗೆ ಅಫ್ಲಾಟಾಕ್ಸಿನ್ ಇರಬಹುದು. ನೇರ ತಿನ್ನಲು ಸಿದ್ಧವಾದದ್ದರಲ್ಲಿ ಮಿತಿ 10 ಮೈಕ್ರೋಗ್ರಾಂ. ಐರೋಪ್ಯ ಒಕ್ಕೂಟ ನೇರ ತಿನ್ನುವ ಶೇಂಗಾಕ್ಕೆ 4 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ರಫ್ತು ಮಾಡಿದ ಸರಕು ತಿರಸ್ಕಾರವಾಗಿ ಹಿಂದಕ್ಕೆ ಬರುವುದಕ್ಕೆ ಇದೂ ಒಂದು ಕಾರಣ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು.

ಈಗ ಲೆಕ್ಕ ಮಾಡಿ. ಒಂದು ಶೇಂಗಾ ಬೀಜದ ತೂಕ 0.4 ಗ್ರಾಂ ಇರಲಿ. ಹಾಗಾದರೆ ಒಂದು ಕೆಜಿಗೆ 2,500 ಬೀಜ. ಇವುಗಳಲ್ಲಿ ಒಂದೇ ಒಂದು ಬೀಜ ಕೆಟ್ಟಿದೆ, ಅದರಲ್ಲಿ ಕೆಜಿಗೆ 1,00,000 ಮೈಕ್ರೋಗ್ರಾಂ ದರದಲ್ಲಿ ವಿಷವಿದೆ ಎಂದು ಇಟ್ಟುಕೊಳ್ಳೋಣ. ಬೂಷ್ಟು ಬಲವಾಗಿ ಹಿಡಿದ ಬೀಜದಲ್ಲಿ ಇಷ್ಟು ಇರಬಲ್ಲದು.

0.0004 ಕೆಜಿ × 1,00,000 = 40 ಮೈಕ್ರೋಗ್ರಾಂ.

ಉಳಿದ 2,499 ಬೀಜಗಳು ಪೂರ್ತಿ ಶುದ್ಧವಾಗಿದ್ದರೂ ಆ ಒಂದು ಕೆಜಿಯಲ್ಲಿ 40 ಮೈಕ್ರೋಗ್ರಾಂ ವಿಷ ಇರುತ್ತದೆ. ಮಿತಿ 15. ಒಂದು ಬೀಜ ಎರಡೂವರೆ ಕೆಜಿಗಿಂತ ಹೆಚ್ಚು ಶೇಂಗಾವನ್ನು ಮಿತಿಯಾಚೆ ತಳ್ಳಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ರಾಶಿಯ ಮೇಲಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಏನೂ ತಿಳಿಯದು, ಆ ಒಂದು ಬೀಜ ಇನ್ನೆಲ್ಲೋ ಇರಬಹುದು. ಅದಕ್ಕೇ ಚೀಲದ ಮೇಲೆ, ನಡುವೆ, ತಳದಲ್ಲಿ ಹಲವು ಕಡೆಯಿಂದ ಮಾದರಿ ತೆಗೆಯಬೇಕು. ಎರಡು, ಮನೆಯಲ್ಲಿ ಅಜ್ಜಿ ಮೊರದಲ್ಲಿ ಹರಡಿಕೊಂಡು ಕಪ್ಪಾದ, ಸುಕ್ಕುಗಟ್ಟಿದ, ಮುಕ್ಕಾದ ಬೀಜ ಆರಿಸಿ ಎಸೆಯುತ್ತಾರಲ್ಲ, ಅದು ಸಣ್ಣ ಕೆಲಸವಲ್ಲ. ವಿಷದ ಬಹುಪಾಲು ಇರುವುದು ಅಂತಹ ಕೆಲವೇ ಬೀಜಗಳಲ್ಲಿ. ಕಹಿಯಾದ ಬೀಜ ಬಾಯಿಗೆ ಬಂದರೆ ನುಂಗದೆ ಉಗಿಯಬೇಕು.

6. ಎಣ್ಣೆ, ಹಿಂಡಿ, ಹಾಲು

ಕೆಟ್ಟ ಬೀಜವನ್ನು ಎಣ್ಣೆಗೆ ಹಾಕಿದರಾಯಿತು ಎಂಬ ಮಾತು ಕೇಳಿದ್ದೀರಿ. ಗಿರಣಿಗೆ ಹೋದ ಬೀಜದ ವಿಷ ಎರಡು ದಾರಿ ಹಿಡಿಯುತ್ತದೆ. ಸ್ವಲ್ಪ ಭಾಗ ಎಣ್ಣೆಗೆ ಹೋಗುತ್ತದೆ. ರಿಫೈನರಿಯಲ್ಲಿ ಕ್ಷಾರ ಹಾಕಿ ಶುದ್ಧೀಕರಿಸುವಾಗ ಅದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಗಾಣದ ಎಣ್ಣೆಯಲ್ಲಿ ಆ ಹಂತವಿಲ್ಲ. ಗಾಣದ ಎಣ್ಣೆ ಬೇಡ ಎಂದು ಇದರ ಅರ್ಥವಲ್ಲ, ಗಾಣಕ್ಕೆ ಹಾಕುವ ಬೀಜ ತಿನ್ನುವ ಬೀಜದಷ್ಟೇ ಚೆನ್ನಾಗಿರಬೇಕು ಎಂದರ್ಥ.

ಹೆಚ್ಚಿನ ಭಾಗ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸು, ಎಮ್ಮೆಗೆ ಹೋಗುತ್ತದೆ. ಅವು ತಿಂದ ಅಫ್ಲಾಟಾಕ್ಸಿನ್ ಬಿ1ರಲ್ಲಿ ಸುಮಾರು ಶೇ. 1ರಿಂದ 6ರಷ್ಟು ಎಂ1 ಎಂಬ ರೂಪ ತಾಳಿ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಒಂದು ಉದಾಹರಣೆ: ಹಸು ದಿನಕ್ಕೆ ಎರಡು ಕೆಜಿ ಹಿಂಡಿ ತಿನ್ನುತ್ತದೆ, ಹಿಂಡಿಯಲ್ಲಿ ಕೆಜಿಗೆ 200 ಮೈಕ್ರೋಗ್ರಾಂ ವಿಷವಿದೆ. ಒಟ್ಟು 400. ಅದರ ಶೇ. 2 ಅಂದರೆ 8 ಮೈಕ್ರೋಗ್ರಾಂ. ಎಂಟು ಲೀಟರ್ ಹಾಲಿಗೆ ಹಂಚಿದರೆ ಲೀಟರಿಗೆ 1 ಮೈಕ್ರೋಗ್ರಾಂ. ಮಿತಿಯ ಎರಡರಷ್ಟು. ಕಾಯಿಸಿದರೂ ಅದು ಹೋಗದು.

ಮಕ್ಕಳು ತಿನ್ನಬಾರದೆಂದು ಪಕ್ಕಕ್ಕಿಟ್ಟ ಬೀಜ ಹಿಂಡಿಯಾಗಿ, ಹಾಲಾಗಿ ಮಕ್ಕಳ ಲೋಟಕ್ಕೇ ಬರುತ್ತದೆ. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕುವುದು ಮಿತವ್ಯಯವಲ್ಲ.

7. ಒಣಗಿಸುವವರಿಗೆ ಆಗುವ ನಷ್ಟ

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಚೆನ್ನಾಗಿ ಒಣಗಿಸಬೇಕು. ಕೀಳುವಾಗ ಕಾಯಿಯಲ್ಲಿ ತೇವಾಂಶ ಶೇ. 40ರ ಆಸುಪಾಸು ಇರುತ್ತದೆ. ಅದನ್ನು ಶೇ. 8ಕ್ಕೆ ಇಳಿಸಿದರೆ ಬೂಷ್ಟು ಬೆಳೆಯಲಾರದು. ಹಾಗಾದರೆ ಎಲ್ಲರೂ ಏಕೆ ಒಣಗಿಸುವುದಿಲ್ಲ? ಇದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿದೆ.

100 ಕೆಜಿ ಅರೆ ಒಣಗಿದ ಕಾಯಿ ಇದೆ, ತೇವಾಂಶ ಶೇ. 20. ಅಂದರೆ ಒಣ ಪದಾರ್ಥ 80 ಕೆಜಿ. ಇದನ್ನು ಶೇ. 8ಕ್ಕೆ ಒಣಗಿಸಿದರೆ ಆ 80 ಕೆಜಿ ಒಟ್ಟು ತೂಕದ ಶೇ. 92 ಆಗಬೇಕು. 80ನ್ನು 0.92ರಿಂದ ಭಾಗಿಸಿದರೆ ಸುಮಾರು 87 ಕೆಜಿ. ಪ್ರಾಮಾಣಿಕವಾಗಿ ಒಣಗಿಸಿದ ರೈತರಿಗೆ 13 ಕೆಜಿ ತೂಕ ಕಡಿಮೆಯಾಯಿತು. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 6,783 ರೂಪಾಯಿ. ಆ ದರದಲ್ಲಿ 13 ಕೆಜಿಯ ಬೆಲೆ ಸುಮಾರು 880 ರೂಪಾಯಿ. ಸಂತೆಯಲ್ಲಿ ಹಸಿಗೂ ಒಣಗಿದ್ದಕ್ಕೂ ಒಂದೇ ದರ ಕೊಟ್ಟರೆ, ಒಣಗಿಸಿದವರೇ ಸೋಲುತ್ತಾರೆ. ಬಿಸಿಲಿಗೆ ಹರಡಿ ಕಾದ ನಾಲ್ಕೈದು ದಿನದ ಕೂಲಿ ಬೇರೆ.

ಆದ್ದರಿಂದ ರೈತರಿಗೆ ಉಪದೇಶ ಮಾಡಿ ಈ ಸಮಸ್ಯೆ ಮುಗಿಯುವುದಿಲ್ಲ. ಕೊಳ್ಳುವವರು ತೇವಾಂಶ ನೋಡಿ ಬೆಲೆ ಕಟ್ಟಬೇಕು. ತೇವಾಂಶ ಅಳೆಯುವ ಮೀಟರ್ ಇದಕ್ಕೆಂದೇ ಇದೆ. ಒಣಗಿದ ಕಾಯಿಗೆ ಕೆಜಿಗೆ ಹತ್ತು ರೂಪಾಯಿ ಹೆಚ್ಚು ಸಿಕ್ಕರೆ 87 ಕೆಜಿಗೆ 870 ರೂಪಾಯಿ, ನಷ್ಟ ಹೆಚ್ಚುಕಮ್ಮಿ ತುಂಬಿತು.

ತೂಕಕ್ಕಾಗಿ ಅಥವಾ ಸುಲಿಯುವ ಯಂತ್ರದಲ್ಲಿ ಬೀಜ ಒಡೆಯದಿರಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ ಕೆಲವು ಕಡೆ ಇದೆ. ವಾರಗಟ್ಟಲೆ ಒಣಗಿಸಿದ ಶ್ರಮ ಒಂದು ಬಕೆಟ್ ನೀರಿನಲ್ಲಿ ಹೋಗುತ್ತದೆ.

ಪೇಟೆಯಲ್ಲಿ ತೇವವನ್ನು ಮುಚ್ಚಿಡುವ ಪ್ರಶ್ನೆ ಹೊಸದೇನಲ್ಲ. ನಿಮ್ಮಲ್ಲಿ ಅನೇಕರಿಗೆ ತಿಳಿದಿರುವ ಒಂದು ಹದೀಸ್‌ನಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗುತ್ತದೆ. ಮಳೆಗೆ ನೆನೆಯಿತು ಎಂದು ಮಾರುವವರು ಹೇಳುತ್ತಾರೆ. ನೆನೆದದ್ದನ್ನು ಜನ ಕಾಣುವಂತೆ ಮೇಲೆ ಇಡಬೇಕಿತ್ತಲ್ಲ ಎಂದು ಅವರು ಕೇಳಿ, ಮೋಸ ಮಾಡುವುದನ್ನು ಖಂಡಿಸುತ್ತಾರೆ. ಇಲ್ಲಿ ಮಳೆಗೆ ನೆನೆದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಇಂದಿನ ಕಾನೂನಿನ ತಿರುಳೂ ಅದೇ. ರಾಶಿಯೊಳಗೆ ಕೈ ಹಾಕಿ ನೋಡುವ ಪರೀಕ್ಷೆಯೂ ಇಂದಿಗೆ ಸಲ್ಲುತ್ತದೆ.

8. ಮನೆ ಮತ್ತು ಕಣದಲ್ಲಿ ಮಾಡಬೇಕಾದದ್ದು

ನಿಮ್ಮ ಮನೆಯಲ್ಲಿ ಶೇಂಗಾ ಬೆಳೆಯುತ್ತಿದ್ದರೆ ಇವನ್ನು ಓದಿ ಹೇಳಿ.

• ಕಾಯಿ ಸರಿಯಾಗಿ ಬಲಿತ ಮೇಲೆ ಕೀಳಿ. ಒಡೆದು ನೋಡಿದಾಗ ಸಿಪ್ಪೆಯ ಒಳಮೈ ಕಂದು ಅಥವಾ ಕಪ್ಪಾಗಿರಬೇಕು. ಬಲಿತ ಮೇಲೂ ಮಣ್ಣಿನಲ್ಲಿ ಬಿಟ್ಟರೆ ಸೋಂಕು ಹೆಚ್ಚು.

• ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುಗಿಸಿ ಒಣಗಿಸಿ. ಹಸಿ ಗಿಡವನ್ನು ಒತ್ತಾಗಿ ಬಣವೆ ಹಾಕಬೇಡಿ, ಒಳಗೆ ಬಿಸಿಯೇರಿ ಬೂಷ್ಟು ಬರುತ್ತದೆ.

• ಬಿಡಿಸಿದ ಕಾಯಿಯನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ. ಸಂಜೆ ಇಬ್ಬನಿಗೆ ಮುಚ್ಚಿ.

• ಅಲ್ಲಾಡಿಸಿದರೆ ಕಾಯಿಯೊಳಗೆ ಬೀಜ ಗಲಗಲ ಎನ್ನಬೇಕು. ಉಜ್ಜಿದರೆ ಬೀಜದ ಸಿಪ್ಪೆ ಸುಲಭವಾಗಿ ಬಿಡಬೇಕು.

• ಗುದ್ದಲಿ ತಾಗಿದ, ಹುಳು ಕೊರೆದ, ಒಡೆದ ಕಾಯಿಯನ್ನು ಬೇರೆ ಮಾಡಿ. ನೆಲದಲ್ಲಿ ಉಳಿದು ಆಮೇಲೆ ಆಯ್ದ ಕಾಯಿಯನ್ನು ಒಳ್ಳೆಯದರ ಜೊತೆ ಬೆರೆಸಬೇಡಿ.

• ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಿ. ಆದಷ್ಟು ದಿನ ಕಾಯಿಯಾಗಿಯೇ ಇಡಿ, ಬೇಕಾದಾಗ ಸುಲಿಯಿರಿ.

9. ಸಂತೆಯ ಉಳಿದ ನಿಯಮಗಳು

ಶೇಂಗಾ ಒಂದು ಉದಾಹರಣೆ. ಸಂತೆಯಲ್ಲಿ ತಿಂಡಿ, ಹಣ್ಣು, ಎಣ್ಣೆ ಮಾರುವವರಿಗೆ ಅನ್ವಯಿಸುವ ಇನ್ನು ಕೆಲವು ನಿಯಮಗಳು ತಿಳಿದಿರಲಿ.

*ಶುಚಿತ್ವ:* ನೋಂದಣಿ ಮಾಡಿಸಿದ ಸಣ್ಣ ವ್ಯಾಪಾರಿಯೂ ಶುದ್ಧ ನೀರು ಬಳಸಬೇಕು, ಚರಂಡಿ ಮತ್ತು ಕಸದ ರಾಶಿಯಿಂದ ದೂರ ಕೂರಬೇಕು, ತಿಂಡಿಯನ್ನು ಧೂಳು ಮತ್ತು ನೊಣಗಳಿಂದ ಮುಚ್ಚಿಡಬೇಕು, ಉಗುರು ಕತ್ತರಿಸಿ ಕೈ ತೊಳೆಯಬೇಕು. ಜ್ವರ, ಭೇದಿ, ಚರ್ಮರೋಗ ಇದ್ದಾಗ ಆಹಾರ ಮುಟ್ಟಬಾರದು.

*ಹಳೆಯ ಪತ್ರಿಕೆ:* ಬಜ್ಜಿ, ಮಂಡಕ್ಕಿ, ಮಿರ್ಚಿಯನ್ನು ಮುದ್ರಿತ ಪತ್ರಿಕೆಯಲ್ಲಿ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿ ನಿಷೇಧಿಸಿದೆ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ.

*ಕರಿದ ಎಣ್ಣೆ:* ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ. ಇದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ನೊರೆ ಬಂದರೆ ಅದನ್ನು ಚೆಲ್ಲುವ ಹೊತ್ತು ಮೀರಿದೆ ಎಂದು ತಿಳಿಯಿರಿ.

*ಬಿಡಿ ಎಣ್ಣೆ:* ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು ಖಾದ್ಯ ತೈಲವನ್ನು ಪ್ಯಾಕ್ ಮಾಡದೆ ಬಿಡಿಯಾಗಿ ಮಾರುವಂತಿಲ್ಲ. ಎಣ್ಣೆ ನಗರದವರಾದ ನಮಗೆ ಇದು ಮುಖ್ಯ. ಡಬ್ಬದ ಮೇಲೆ ಹೆಸರು, ವಿಳಾಸ, ದಿನಾಂಕ ಇದ್ದರೆ ತಪ್ಪಾದಾಗ ಕೇಳಲು ಒಬ್ಬರಿರುತ್ತಾರೆ.

*ಹಣ್ಣು ಮಾಗಿಸುವುದು:* ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಮಾವು, ಬಾಳೆ ಮಾಗಿಸುವುದು ನಿಷಿದ್ಧ. ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿರುತ್ತವೆ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಲು ಅನುಮತಿ ಇದೆ.

*ಬಣ್ಣ:* 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಪರೀಕ್ಷೆಗೆ ತೆಗೆದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣವೂ ಕಂಡುಬಂದಿತ್ತು.

10. ಕೊಳ್ಳುವವರ ಹಕ್ಕು

ಮಾದರಿ ಪರೀಕ್ಷೆಗೆ ಕಳಿಸುವುದು ಅಧಿಕಾರಿಗಳ ಕೆಲಸ ಮಾತ್ರ ಎಂದು ತಿಳಿಯಬೇಡಿ. ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಆ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವರಿಗೆ ಈ ಉದ್ದೇಶ ತಿಳಿಸಬೇಕು. ಆಹಾರ ಕಾನೂನಿಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ದೂರು ಹೇಳಲು ಪ್ರಾಧಿಕಾರದ ಉಚಿತ ಸಹಾಯವಾಣಿ 1800112100 ಇದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ 65ನೇ ಕಲಂ ಅಡಿ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಅವಕಾಶವಿದೆ.

ಸಣ್ಣವರ ಬಗ್ಗೆ ಕಾಯ್ದೆ ಕನಿಕರವನ್ನೂ ತೋರಿಸಿದೆ. ಕೇಳಿದ ಗುಣಮಟ್ಟದ ಆಹಾರ ಕೊಡದಿದ್ದರೆ 50ನೇ ಕಲಂ ಪ್ರಕಾರ 5 ಲಕ್ಷದವರೆಗೆ ದಂಡ ಹಾಕಬಹುದು. ಅದೇ ತಪ್ಪು ಸಣ್ಣ ವ್ಯಾಪಾರಿಯಿಂದ ಆದರೆ ದಂಡ 25,000 ರೂಪಾಯಿ ಮೀರುವಂತಿಲ್ಲ. ಆದ್ದರಿಂದ ನಿಮ್ಮ ಮನೆಯವರು ಸಂತೆಯಲ್ಲಿ ಅಂಗಡಿ ಹಾಕುತ್ತಿದ್ದರೆ ನೋಂದಣಿಗೆ ಹೆದರಬೇಕಾಗಿಲ್ಲ. ಅರ್ಜಿ ತುಂಬಿಕೊಡುವುದು ಪಿಯುಸಿ ಓದುವ ಮಗ ಅಥವಾ ಮಗಳು ಮಾಡಬಹುದಾದ ಕೆಲಸ.

ಕೊನೆಯದಾಗಿ ಒಂದು ಮಾತು. ಸುರಕ್ಷತೆಯ ಹೊಣೆ ಹೊಲದಿಂದ ತಟ್ಟೆಯವರೆಗೆ ಕೈಯಿಂದ ಕೈಗೆ ದಾಟುತ್ತದೆ. ವ್ಯಾಪಾರಿ ಮತ್ತು ಗಿರಣಿಯವರ ಕೈಗಳನ್ನು ಕಾನೂನು ನೋಡಿಕೊಳ್ಳುತ್ತದೆ. ಮೊದಲ ಕೈ ರೈತರದು, ಕೊನೆಯ ಕೈ ತಿನ್ನುವವರದು. ಇವೆರಡನ್ನೂ ನೋಡಿಕೊಳ್ಳುವ ಅಧಿಕಾರಿ ಇಲ್ಲ. ನಮ್ಮ ಎರಡು ತಾಲ್ಲೂಕುಗಳಲ್ಲಿ ಈ ಎರಡೂ ಕೈಗಳು ಹೆಚ್ಚಾಗಿ ಒಂದೇ ಮನೆಯವು. ಒಣಗಿದ ಕಾಯಿಗೆ ಎರಡು ಕಾಸು ಹೆಚ್ಚು ಕೊಡುವ ಗಿರಾಕಿ ಮತ್ತು ನೆನೆದದ್ದನ್ನು ನೆನೆದದ್ದೆಂದು ಹೇಳುವ ರೈತ ಎದುರುಬದುರಾದ ಸಂತೆಯಲ್ಲಿ ಅರ್ಧ ಅಪಾಯ ಕಳೆಯುತ್ತದೆ.

ಅಭ್ಯಾಸ

1. ಸ್ವಂತ ಹೊಲದ ಟೊಮ್ಯಾಟೊ ಮಾರುವ ರೈತ, ಮಂಡಿಯಿಂದ ಟೊಮ್ಯಾಟೊ ತಂದು ಮಾರುವ ವ್ಯಾಪಾರಿ, ಸ್ವಂತ ಹೊಲದ ಟೊಮ್ಯಾಟೊದಿಂದ ಉಪ್ಪಿನಕಾಯಿ ಮಾಡಿ ಮಾರುವ ಮಹಿಳೆ: ಇವರಲ್ಲಿ ಯಾರಿಗೆ ನೋಂದಣಿ ಬೇಕು? ಏಕೆ?

2. ತೇವಾಂಶ ಶೇ. 16 ಇರುವ 50 ಕೆಜಿ ಶೇಂಗಾವನ್ನು ಶೇ. 8ಕ್ಕೆ ಒಣಗಿಸಿದರೆ ತೂಕ ಎಷ್ಟಾಗುತ್ತದೆ? ಕೆಜಿಗೆ ಎಷ್ಟು ಹೆಚ್ಚು ದರ ಸಿಕ್ಕರೆ ರೈತರಿಗೆ ನಷ್ಟವಿಲ್ಲ? (ಮೊದಲಿನ ದರ ಕೆಜಿಗೆ 60 ರೂಪಾಯಿ ಎಂದುಕೊಳ್ಳಿ.)

3. ಬರ ಬಂದಾಗ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಹೆಚ್ಚಲು ಕಾರಣವೇನು?

4. ಚಟುವಟಿಕೆ: ಮನೆಯ ಶೇಂಗಾದಿಂದ 500 ಬೀಜ ಎಣಿಸಿ, ಕಪ್ಪಾದ, ಸುಕ್ಕಾದ, ಬೂಷ್ಟು ಹಿಡಿದ ಬೀಜಗಳನ್ನು ಬೇರ್ಪಡಿಸಿ. ಶೇಕಡಾ ಎಷ್ಟು ಎಂದು ಬರೆಯಿರಿ. ಬೂಷ್ಟು ಹಿಡಿದದ್ದನ್ನು ಮೂಸಬೇಡಿ, ಕೈ ತೊಳೆಯಿರಿ, ದನಕ್ಕೆ ಹಾಕದೆ ಮಣ್ಣಿನಲ್ಲಿ ಹೂಳಿ. ತರಗತಿಯಲ್ಲಿ ಎಲ್ಲರ ಲೆಕ್ಕ ಒಟ್ಟುಗೂಡಿಸಿ, ಯಾವ ಮನೆಯ ಕಾಯಿ ಹೇಗೆ ಒಣಗಿಸಿದ್ದು ಎಂಬುದರ ಜೊತೆ ಹೋಲಿಸಿ ನೋಡಿ.